ಡ್ರಾಯರಿನ ದೇವಿಗೆ ಕನ್ನಡದಲ್ಲಿ ಏನನ್ನೋಣ?

ಒಂದು ಪದ ಬೇಕಾಗಿದೆ. ಟೆರ್ರಿ ಪ್ರಾಚೆಟ್ಟರ ಡಿಸ್ಕ್‌ವರ್ಲ್ಡ್ ಕಾದಂಬರಿಗಳಲ್ಲಿ ಅನೋಯಿಯಾ ಅಂತ ಒಬ್ಬಳು ದೇವಿ ಬರುತ್ತಾಳೆ. ಅಡುಗೆಮನೆ ಡ್ರಾಯರಿನೊಳಗೆ ಸೌಟು ಅಡ್ಡ ನಿಂತು, ಎಷ್ಟು ಎಳೆದರೂ ಬಾರದೆ, ನಾವು ಅದನ್ನು ದಡದಡ ಅಲ್ಲಾಡಿಸಿ ಬೈಯುತ್ತೇವಲ್ಲ, ಅದೇ ಅವಳಿಗೆ ಪೂಜೆ. ಮೊದಲು ಜ್ವಾಲಾಮುಖಿಯ ದೇವಿಯಾಗಿದ್ದವಳಂತೆ, ಈಗ ಈ ಖಾತೆ, ಪಾಪ.

ಗೆಳತಿಗೆ ಇದನ್ನು ಕನ್ನಡದಲ್ಲಿ ಬರೆದುಕೊಡೋಣ ಅಂತ ಕೂತು 'ಮೈನರ್ ಗಾಡೆಸ್' ಹತ್ತಿರವೇ ನಿಂತೆ. 'ಕ್ಷುದ್ರ ದೇವತೆ' ಆಗಲ್ಲ. ಕ್ಷುದ್ರ ಅಂದರೆ ಮೂಲದಲ್ಲಿ ಚಿಕ್ಕದು ಅಷ್ಟೇ, ಆದರೆ ಈಗ ಆ ಮಾತು ಕೇಳಿದರೆ ಮಾಟ, ಮೂರುದಾರಿಯ ನಿಂಬೆಹಣ್ಣು ನೆನಪಾಗುತ್ತದೆ. 'ಉಪದೇವತೆ' ಉಪತಹಶೀಲ್ದಾರರ ಥರ ಇದೆ. ಅಮ್ಮ 'ಚಿಲ್ಲರೆ ದೇವರು' ಅನ್ನು ಅಂದರು. ನಗು ಬರುತ್ತದೆ, ತಾತ್ಸಾರವೂ ಜಾಸ್ತಿ. ಬಸವಣ್ಣ ಮಡಕೆ, ಮೊರ, ಹಣಿಗೆ ಎಲ್ಲಕ್ಕೂ 'ದೈವ' ಅಂತಲೇ ಹೇಳಿ ಗೇಲಿ ಮಾಡಿದ್ದಾನೆ, ಸೌಟಿಗೆ ಅದೇ ಸರಿ ಅಂದುಕೊಂಡೆ. ಆದರೆ ಬೆಂಗಳೂರಲ್ಲಿ ಇವತ್ತು ದೈವ ಅಂದರೆ ಎಲ್ಲರ ಮನಸ್ಸೂ ಕರಾವಳಿಯ ಪಂಜುರ್ಲಿ ಕಡೆ ಹೋಗುತ್ತದೆ.

ನಮ್ಮೂರಲ್ಲೇ ದಾರಿ ಇದೆ ಅನಿಸುತ್ತದೆ. 1898ರಲ್ಲಿ ಇಲ್ಲಿಗೆ ಪ್ಲೇಗ್ ಬಂದಾಗ ಜನ ಪ್ಲೇಗಮ್ಮ ಅಂತ ಕರೆದು ಗುಡಿ ಕಟ್ಟಿದರು. ಮಲ್ಲೇಶ್ವರದ ಸರ್ಕಲ್ ಹತ್ತಿರ ಕೂತವಳು ಸರ್ಕಲ್ ಮಾರಮ್ಮ. ದೊಡ್ಡವಳಾ ಚಿಕ್ಕವಳಾ ಅಂತ ಯಾರೂ ಕೇಳಲಿಲ್ಲ, ಖಾತೆಯೋ ಜಾಗವೋ ಹೇಳಿ 'ಅಮ್ಮ' ಅಂದರು, ಮುಗೀತು. ಹಾಗಾಗಿ ಅನೋಯಿಯಾಗೆ 'ಸಿಕ್ಕಮ್ಮ' ಅಂತ ಇಟ್ಟಿದ್ದೇನೆ. ಸೌಟು ಸಿಕ್ಕಿಕೊಂಡರೂ ಅವಳೇ, ಕೊನೆಗೆ ಕೈಗೆ ಸಿಕ್ಕಿದರೂ ಅವಳೇ. ಇಂಗ್ಲಿಷಿನಲ್ಲಿ ಈ ಮಜಾ ಎಲ್ಲಿದೆ ಹೇಳಿ!

ಹೆಸರೇನೋ ಆಯಿತು, ಜಾತಿವಾಚಕ ಪದ ಇನ್ನೂ ಇಲ್ಲ. ಪ್ರಾಚೆಟ್ಟರದೇ 1992ರ ಕಾದಂಬರಿ 'ಸ್ಮಾಲ್ ಗಾಡ್ಸ್'ನಲ್ಲಿ ತೊಡಕು ಇನ್ನೊಂದು ಥರ. ಅಲ್ಲಿ ನಂಬುವವರು ಕಮ್ಮಿಯಾದಷ್ಟೂ ದೇವರು ಕುಗ್ಗುತ್ತಾನೆ. ಓಮ್ ಅನ್ನೋ ದೊಡ್ಡ ದೇವರಿಗೆ ಗುಡಿ, ಪೂಜಾರಿಗಳು ಎಲ್ಲ ಇದ್ದರೂ ನಿಜವಾಗಿ ನಂಬುವವನು ಒಬ್ಬನೇ ಉಳಿದಿರುತ್ತಾನೆ, ಅದಕ್ಕೇ ದೇವರು ಆಮೆಯಾಗಿ ತೆವಳುತ್ತಿರುತ್ತಾನೆ. ಸಿಕ್ಕಮ್ಮನದು ಖಾತೆ ಚಿಕ್ಕದು, ಇವನಿಗೆ ಆ ಒಬ್ಬನನ್ನು ಬಿಟ್ಟರೆ ಭಕ್ತರೇ ಇಲ್ಲ. ಎರಡಕ್ಕೂ 'ಕಿರುದೇವರು' ಅಂದರೆ ಸಪ್ಪೆ ಅಲ್ವಾ?

ನಿಮ್ಮ ಕಡೆ ಹಳ್ಳಿಗಳಲ್ಲಿ, ದೀಪ ಹಚ್ಚೋರೂ ಇಲ್ಲದೆ ಸುಮ್ನೆ ಕಟ್ಟೆ ಮೇಲೆ ಉಳಿದ ದೇವರಿಗೆ ಬೇರೆ ಏನಾದರೂ ಹೆಸರಿದೆಯಾ?