ಅವರು ನೋಡುತ್ತಿಲ್ಲ, ಸ್ವಾಮಿ!

ನಮ್ಮ ಗುಂಪಿನಲ್ಲಿ ಯಾವ ವಿಷಯ ಹರಟೆಗೆ ಬಂದರೂ ಮೊದಲು ತೀರ್ಪು ಹೊರಬೀಳುತ್ತದೆ, ವಿಚಾರಣೆ ಆಮೇಲೆ ನಡೆಯುತ್ತದೆ. ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು ಗಾಡಿ ಓಡಿಸುವವರಿಂದ ನಮ್ಮ ಜೀವ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಎದ್ದಾಗಲೂ, ಅದು ಪೂರ್ತಿಯಾಗುವ ಮುಂಚೆಯೇ ರಾಯರು, "ಉಪಾಯ ಒಂದೇ, ಮನೆಯಿಂದ ಹೊರಗೆ ಕಾಲಿಡಬಾರದು" ಎಂದು ತೀರ್ಮಾನ ಕೊಟ್ಟುಬಿಟ್ಟರು.

"ನಿಮ್ಮ ಮನೆ ನೇರ ರಸ್ತೆಯಲ್ಲಿದೆಯೋ, ತಿರುವಿನಲ್ಲಿದೆಯೋ?" ಎಂದು ವಕೀಲರು ವಿಚಾರಿಸಿದರು. "ತಿರುವಿನಲ್ಲಿದ್ದರೆ ಒಳಗಿದ್ದೂ ಪ್ರಯೋಜನವಿಲ್ಲ. ಮೊಬೈಲ್ ನೋಡುತ್ತ ಬರುವವನಿಗೆ ತಿರುವು ಕಾಣುವುದಿಲ್ಲ; ಅವನು ನೇರವಾಗಿ ನಿಮ್ಮ ನಡುಮನೆಗೇ ಬಂದು ನಿಲ್ಲುತ್ತಾನೆ."

ಭೌತಶಾಸ್ತ್ರ ಕಲಿಸಿ ನಿವೃತ್ತರಾದ ನಮ್ಮ ಮೇಷ್ಟರಿಗೆ ಲೆಕ್ಕವಿಲ್ಲದ ಮಾತು ರುಚಿಸುವುದಿಲ್ಲ. ಅವರು ಕನ್ನಡಕ ಸರಿಪಡಿಸಿಕೊಂಡು, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆಂದೂ, ಬಂದ ಸಂದೇಶವೊಂದನ್ನು ಓದಲು ಐದು ಸೆಕೆಂಡು ಹಿಡಿದರೆ ಅಷ್ಟರಲ್ಲಿ ಗಾಡಿ 83 ಮೀಟರ್ ಮುಂದೆ ಹೋಗಿರುತ್ತದೆಂದೂ, ಆ 83 ಮೀಟರಿನುದ್ದಕ್ಕೂ ಅದನ್ನು ಓಡಿಸುವವರು ಯಾರೂ ಇರುವುದಿಲ್ಲವೆಂದೂ ವಿವರಿಸಿದರು.

"ಅದು ಓದುವುದಕ್ಕಾಯಿತು. ಉತ್ತರ ಬರೆಯುವುದಕ್ಕೆ?" ಎಂದರು ರಾಯರು.

"ಒತ್ತಕ್ಷರಗಳಿದ್ದರೆ ಇನ್ನೂ ಐವತ್ತು ಮೀಟರ್ ಸೇರಿಸಿಕೊಳ್ಳಿ."

ಇಷ್ಟು ಹೊತ್ತೂ ಸುಮ್ಮನಿದ್ದವರು ಅಣ್ಣಯ್ಯ. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾಗಿರುವ ಅವರು ಈಗಲೂ ಕುರ್ಚಿಯಲ್ಲಿ ಕೂರುವ ಮುನ್ನ ಒಮ್ಮೆ ಹಿಂದಕ್ಕೆ ನೋಡುತ್ತಾರೆ. "ಆ 83 ಮೀಟರಿನಲ್ಲಿ ಅವನು ಏನು ಮಾಡುತ್ತಾನೆಂಬುದು ನಮ್ಮ ಕೈಯಲ್ಲಿಲ್ಲ. ಆ 83 ಮೀಟರಿನೊಳಗೆ ನಾವು ಇರಬೇಕೋ ಬೇಡವೋ ಎಂಬುದು ಮಾತ್ರ ನಮಗೆ ಬಿಟ್ಟದ್ದು" ಎಂದು ಅವರು ಹೇಳಿದ ಮೇಲೆ ಹರಟೆಗೆ ಒಂದು ದಾರಿ ಸಿಕ್ಕಿತು.

"ಅಂಥವನನ್ನು ದೂರದಿಂದಲೇ ಗುರುತಿಸುವುದು ಹೇಗೆ? ಅವನ ಗಾಡಿಯ ಹಿಂದೆ ಬೋರ್ಡು ಇರುತ್ತದೆಯೇ?" ಎಂದು ಕೇಳಿದವರು ವಕೀಲರು.

"ಓದುವುದಕ್ಕೆ ಬಂದರೆ ಇಡೀ ಗಾಡಿಯೇ ಬೋರ್ಡು" ಎಂದರು ಅಣ್ಣಯ್ಯ. ಕಾರಣವಿಲ್ಲದೆ ವೇಗ ಇಳಿಯುತ್ತದೆ, ಮತ್ತೆ ತಟ್ಟನೆ ಏರುತ್ತದೆ. ಗಾಡಿ ತನ್ನ ಪಥದಲ್ಲೇ ನಿಧಾನವಾಗಿ ಒಂದು ಬದಿಗೆ ವಾಲುತ್ತ ಹೋಗಿ, ಗೆರೆ ದಾಟುವ ಹೊತ್ತಿಗೆ ಒಮ್ಮೆಲೇ ಎಳೆದಂತೆ ವಾಪಸಾಗುತ್ತದೆ. ಎಲ್ಲರ ಬ್ರೇಕ್ ದೀಪ ಹೊತ್ತಿ ಬಹಳ ಹೊತ್ತಾದ ಮೇಲೆ ಅವನದು ಹೊತ್ತುತ್ತದೆ, ಅದೂ ಗಾಡಿಯ ಮೂತಿ ನೆಲಕ್ಕೆ ಬಾಗುವಷ್ಟು ಜೋರಾಗಿ. ಹಸಿರು ದೀಪ ಬಿದ್ದರೂ ಗಾಡಿ ಕದಲುವುದಿಲ್ಲ. ಎಂದೋ ಮುಗಿದ ತಿರುವಿನ ಇಂಡಿಕೇಟರ್ ಇನ್ನೂ ಮಿನುಗುತ್ತಲೇ ಇರುತ್ತದೆ. ರಾತ್ರಿಯಲ್ಲಂತೂ ಪತ್ತೆ ಹಚ್ಚುವುದು ಇನ್ನೂ ಸುಲಭ, ಏಕೆಂದರೆ ತೊಡೆಯ ಮೇಲಿನ ಪರದೆಯ ಬೆಳಕು ಗಲ್ಲಕ್ಕೂ ಮೂಗಿಗೂ ಬಿದ್ದು, ಚಾಲಕ ನಾಟಕದ ರಕ್ಕಸನ ಹಾಗೆ ಕತ್ತಲಲ್ಲಿ ಮುಖವೊಂದನ್ನೇ ತೋರಿಸುತ್ತ ಬರುತ್ತಾನೆ.

"ಇಷ್ಟು ಗೊತ್ತಾದ ಮೇಲೆ ಕೆಲಸ ಸುಲಭವಾಯಿತು" ಎಂದು ರಾಯರು ತೋಳೇರಿಸಿದರು. "ಅವನ ಪಕ್ಕಕ್ಕೆ ಹೋಗಿ ಉದ್ದಕ್ಕೆ ಹಾರ್ನ್ ಹೊಡೆದು, ಗಾಜು ಇಳಿಸಿ, ನಾಲ್ಕು ಮಾತು ಆಡಿಬಿಡುವುದು."

"ಹಾಗೆ ಮಾಡಿದರೆ ರಸ್ತೆಯಲ್ಲಿ ಗಮನ ತಪ್ಪಿದ ಚಾಲಕರು ಇಬ್ಬರಾಗುತ್ತಾರೆ" ಎಂದು ಅಣ್ಣಯ್ಯ ಅವರ ತೋಳು ಇಳಿಸಿದರು. ಮೈಮರೆತವನು ಬೆಚ್ಚಿದರೆ ಸ್ಟೀರಿಂಗ್ ಯಾವ ಕಡೆಗೆ ತಿರುಗಿಸುತ್ತಾನೆಂದು ಹೇಳಲಾಗದು, ಮತ್ತು ಉಪದೇಶ ಮಾಡಲು ಹೋದವರು ಆಗ ಸರಿಯಾಗಿ ಅವನ ಪಕ್ಕದಲ್ಲೇ ಇರುತ್ತಾರೆ. ಅಂಥವನ ಬಲಕ್ಕಾಗಲಿ ಎಡಕ್ಕಾಗಲಿ ಜೊತೆಜೊತೆಯಾಗಿ ಸಾಗುವುದೇ ಎಲ್ಲಕ್ಕಿಂತ ಕೆಟ್ಟ ಜಾಗವೆಂಬುದು ಅಣ್ಣಯ್ಯನವರ ಅನುಭವ. ಅವನು ನಮ್ಮ ಮುಂದಿದ್ದರೆ ಒಳ್ಳೆಯದೇ, ಅವನ ಆಟವೆಲ್ಲ ನಮ್ಮ ಕಣ್ಣಿಗೆ ಬೀಳುತ್ತಿರುತ್ತದೆ. ನಮ್ಮ ಕೆಲಸ ದೂರ ಕಾಪಾಡಿಕೊಳ್ಳುವುದಷ್ಟೇ. ಎಷ್ಟು ದೂರ ಎಂಬುದಕ್ಕೆ ಮೇಷ್ಟರು ಸೂತ್ರ ಒದಗಿಸಿದರು: ಮುಂದಿನ ಗಾಡಿ ಒಂದು ಕಂಬವನ್ನು ದಾಟಿದ ಮೇಲೆ ನಾವು ಅದೇ ಕಂಬವನ್ನು ಮುಟ್ಟಲು ಕನಿಷ್ಠ ಎರಡು ಸೆಕೆಂಡು ಹಿಡಿಯಬೇಕು, ಮುಂದಿನವನ ಮೇಲೆ ಅನುಮಾನವಿದ್ದರೆ ಮೂರೋ ನಾಲ್ಕೋ, ರಸ್ತೆ ಒದ್ದೆಯಾಗಿದ್ದರೆ ಎರಡರ ಎರಡರಷ್ಟು.

"ಅಷ್ಟು ಜಾಗ ಬಿಟ್ಟರೆ ನಡುವೆ ಇನ್ನೊಬ್ಬ ನುಗ್ಗುತ್ತಾನಲ್ಲ!" ಎಂದು ರಾಯರು ಸಂಕಟದಿಂದ ಹೇಳಿದರು.

"ನುಗ್ಗಲಿ ಬಿಡಿ. ಅಲ್ಲಿಗೆ ಮೊದಲು ಗುದ್ದುವವನು ನೀವಲ್ಲ, ಅವನು" ಎಂದರು ವಕೀಲರು. ಕಾನೂನು ಓದಿದವರ ಸಮಾಧಾನಗಳು ಹೀಗೆಯೇ ಇರುತ್ತವೆ.

ಕಷ್ಟವಿರುವುದು ಮೈಮರೆತವನು ನಮ್ಮ ಬೆನ್ನ ಹಿಂದೆ ಬಂದಾಗ. ಈ ಮಾತಿಗೆ ಬಂದಾಗ ಅಣ್ಣಯ್ಯ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಹಿಂದಿನವನಿಂದ ತಪ್ಪಿಸಿಕೊಳ್ಳಲು ವೇಗ ಹೆಚ್ಚಿಸಬಾರದು, ಪಕ್ಕಕ್ಕೆ ಸರಿದು ಅವನನ್ನು ಮುಂದಕ್ಕೆ ಕಳಿಸಿಬಿಡಬೇಕು. ಸರಿಯಲು ಜಾಗವಿಲ್ಲದಿದ್ದರೆ ನಮ್ಮ ಮುಂದಿನ ಅಂತರವನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಬೇಕು; ಹಾಗಿದ್ದಾಗ ನಾವು ಗಕ್ಕನೆ ನಿಲ್ಲುವ ಪ್ರಸಂಗ ಬರುವುದಿಲ್ಲ, ಬ್ರೇಕನ್ನು ಬೇಗನೆ ಮೆಲ್ಲಗೆ ಒತ್ತಿ ಹಿಂದಿನ ದೀಪವನ್ನು ಹೆಚ್ಚು ಹೊತ್ತು ಉರಿಸಬಹುದು, ಪರದೆಯಿಂದ ತಲೆಯೆತ್ತಿದ ಯಾವುದಾದರೂ ಒಂದು ಗಳಿಗೆಯಲ್ಲಿ ಅದು ಅವನ ಕಣ್ಣಿಗೆ ಬಿದ್ದೀತು. ನಿಂತ ವಾಹನಗಳ ಸಾಲಿನಲ್ಲಿ ನಾವೇ ಕೊನೆಯವರಾದರೆ ಮುಂದೆ ಒಂದು ಗಾಡಿಯಷ್ಟು ಜಾಗ ಬಿಟ್ಟು ನಿಂತು, ಹಿಂದಿನ ಗಾಡಿ ಪೂರ್ತಿಯಾಗಿ ನಿಲ್ಲುವವರೆಗೂ ಕನ್ನಡಿಯಿಂದ ಕಣ್ಣು ತೆಗೆಯಬಾರದು.

"ಇನ್ನೊಂದು ಸಣ್ಣ ವಿಷಯ" ಎಂದು ಅವರು ಸೇರಿಸಿದರು. "ಎದುರಿನಿಂದ ಬರುವ ವಾಹನಗಳಿಗೆ ಅಡ್ಡವಾಗಿ ತಿರುಗಲು ಕಾಯುತ್ತ ನಿಂತಾಗ ಮುಂದಿನ ಚಕ್ರಗಳನ್ನು ನೆಟ್ಟಗೆ ಇಟ್ಟುಕೊಂಡಿರಬೇಕು. ಮೊದಲೇ ತಿರುಗಿಸಿಟ್ಟುಕೊಂಡರೆ, ಹಿಂದಿನಿಂದ ಯಾರಾದರೂ ಗುದ್ದಿದಾಗ ಗಾಡಿ ಸೀದಾ ಎದುರಿನ ವಾಹನಗಳ ಬಾಯಿಗೆ ಹೋಗಿ ಬೀಳುತ್ತದೆ."

ಚಕ್ರವನ್ನು ಮೊದಲೇ ತಿರುಗಿಸಿಟ್ಟುಕೊಳ್ಳುವುದನ್ನು ಇದುವರೆಗೆ ದೂರದೃಷ್ಟಿಯೆಂದು ಕರೆಯುತ್ತಿದ್ದ ರಾಯರು ಆ ಕ್ಷಣದಿಂದ ಆ ಪದವನ್ನು ಬಳಸಲಿಲ್ಲ.

ಡಾಕ್ಟರಮ್ಮನವರು ಬಂದು ಸೇರಿದ್ದು ಈ ಹೊತ್ತಿಗೆ. ಅಪಘಾತ ವಿಭಾಗದಲ್ಲಿ ಕೆಲಸ ಮಾಡುವ ಅವರಿಗೆ ಈ ವಿಷಯದಲ್ಲಿ ನಗು ಸ್ವಲ್ಪ ತಡವಾಗಿ ಬರುತ್ತದೆ. ಎದುರಿನ ಚಾಲಕನ ಕಣ್ಣು ನಮ್ಮ ಕಡೆಗಿದ್ದರೆ ಹೆದರಬೇಕಾಗಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ಅವರು, ಕಣ್ಣು ನೆಟ್ಟಿದ್ದ ಮಾತ್ರಕ್ಕೆ ಮನಸ್ಸು ನೋಡಿತೆಂದು ಅರ್ಥವಲ್ಲ ಎಂದು ಹೇಳಿ, 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದನ್ನು ವಿವರಿಸಿದರು. ಚೆಂಡಾಟದ ವಿಡಿಯೊ ತೋರಿಸಿ, ಒಂದು ತಂಡದವರು ಎಷ್ಟು ಸಲ ಚೆಂಡು ದಾಟಿಸಿದರೆಂದು ಎಣಿಸಲು ಹೇಳಿದ್ದರು. ಆಟದ ನಡುವೆ ಗೊರಿಲ್ಲಾ ವೇಷಧಾರಿಯೊಬ್ಬರು ನಡೆದುಹೋದದ್ದು ಎಣಿಕೆಯಲ್ಲಿ ಮುಳುಗಿದ್ದವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ಕಾಣಿಸಲೇ ಇಲ್ಲ.

"ಅಂದರೆ ನಾನು ಗೊರಿಲ್ಲಾ ವೇಷ ಹಾಕಿಕೊಂಡು ರಸ್ತೆ ದಾಟಿದರೂ ಅರ್ಧ ಜನ ಬ್ರೇಕ್ ಹಾಕುವುದಿಲ್ಲ ಎಂದಾಯಿತು" ಎಂದರು ರಾಯರು.

"ಉಳಿದ ಅರ್ಧ ಜನ ಫೋಟೊ ತೆಗೆಯಲು ಮೊಬೈಲ್ ಎತ್ತಿಕೊಳ್ಳುತ್ತಾರೆ" ಎಂದರು ಮೇಷ್ಟರು.

ಆದ್ದರಿಂದ ಕೂಡುರಸ್ತೆಯಲ್ಲಿ ಚಾಲಕನ ಕಣ್ಣಿಗಿಂತ ಅವನ ಗಾಡಿಯ ಮುಂದಿನ ಚಕ್ರವನ್ನು ನಂಬಬೇಕೆಂದು ಅಣ್ಣಯ್ಯ ಹೇಳಿದರು. ತಲೆಯಾಡಿಸಿ 'ನೀವು ಹೋಗಿ' ಎಂದವನ ಗಾಡಿಯೂ ಉರುಳುತ್ತಲೇ ಇರಬಹುದು. ಚಕ್ರ ನಿಂತಿದ್ದರೆ ಮಾತ್ರ ಗಾಡಿ ನಿಂತಿದೆ. ನಮಗೆ ಹಸಿರು ದೀಪ ಬಿದ್ದ ಮೇಲೂ ಒಂದು ಉಸಿರಿನಷ್ಟು ತಡೆದು ಎರಡೂ ಬದಿಗೆ ನೋಡಿ ಹೊರಡಬೇಕು, ಏಕೆಂದರೆ ಅಡ್ಡರಸ್ತೆಯವನು ತನ್ನ ಕೆಂಪು ದೀಪವನ್ನು ನೋಡಿರುತ್ತಾನೆಂದು ಯಾರೂ ಬರೆದುಕೊಟ್ಟಿಲ್ಲ.

ವಕೀಲರಿಗೆ ಇದೆಲ್ಲ ಮೊಬೈಲನ್ನು ಕೈಯಲ್ಲಿ ಹಿಡಿಯುವವರ ಪಾಪವೆಂದು ಖಚಿತವಾಗಿತ್ತು. ತಾವು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು, ಅತ್ಯಂತ ಜವಾಬ್ದಾರಿಯಿಂದ ಕಕ್ಷಿದಾರರ ಜೊತೆ ಜಗಳವಾಡುತ್ತೇವೆಂದು ಅವರು ಹೇಳಿಕೊಂಡರು. ಡಾಕ್ಟರಮ್ಮನವರು ಆ ವಾದವನ್ನು ಉಳಿಯಗೊಡಲಿಲ್ಲ. ಕೆನಡಾದಲ್ಲಿ ರೆಡಲ್‌ಮೈಯರ್ ಮತ್ತು ಟಿಬ್ಶಿರಾನಿ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನಿನಲ್ಲಿ ಮಾತನಾಡುವ ಹೊತ್ತಿನಲ್ಲಿ ಡಿಕ್ಕಿಯ ಸಂಭವ ಸುಮಾರು ನಾಲ್ಕು ಪಟ್ಟಾಗುವುದು ಕಂಡುಬಂದಿತ್ತು, ಮತ್ತು ಕೈಯಲ್ಲಿ ಹಿಡಿಯದ ಫೋನಿನಿಂದ ಹೆಚ್ಚಿನ ಸುರಕ್ಷತೆಯೇನೂ ಕಾಣಲಿಲ್ಲ. ಕೈ ಖಾಲಿಯಿದ್ದರೇನು, ಜಗಳವಾಡುವುದು ತಲೆಯಲ್ಲವೇ?

"ಹಾಗಾದರೆ ಪಕ್ಕದಲ್ಲಿ ಕುಳಿತವರ ಜೊತೆಗೂ ಮಾತನಾಡಬಾರದೇ?" ಎಂದು ವಕೀಲರು ಪಾಟೀಸವಾಲು ಹಾಕಿದರು.

"ಪಕ್ಕದಲ್ಲಿರುವವರಿಗೂ ರಸ್ತೆ ಕಾಣುತ್ತದೆ. ಲಾರಿ ಅಡ್ಡ ಬಂದಾಗ ಅವರು ತಾವಾಗಿಯೇ ಬಾಯಿ ಮುಚ್ಚುತ್ತಾರೆ. ಫೋನಿನ ಆಚೆಗಿರುವವರಿಗೆ ಲಾರಿ ಕಾಣುವುದಿಲ್ಲ, ಅವರು ಮಾತು ಮುಂದುವರಿಸುತ್ತಾರೆ."

"ವಕೀಲರು ಪಕ್ಕದಲ್ಲಿದ್ದಾಗ ಲಾರಿ ಬಂದರೂ ಮುಂದುವರಿಸುತ್ತಾರೆ" ಎಂದು ರಾಯರು ಸಾಕ್ಷ್ಯ ನುಡಿದರು.

ಡಾಕ್ಟರಮ್ಮನವರ ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿತು. 2015ರಲ್ಲಿ ಅಮೆರಿಕದಲ್ಲಿ ನಡೆದ ಸಂಶೋಧನೆಯೊಂದರ ಪ್ರಕಾರ, ಗಾಡಿಗೋ ಫೋನಿಗೋ ಬಾಯಿಮಾತಿನ ಆದೇಶ ಕೊಟ್ಟು ಮುಗಿಸಿದ ಮೇಲೂ ಗಮನ ಪೂರ್ತಿಯಾಗಿ ರಸ್ತೆಗೆ ಮರಳಲು ಕೆಲವು ಸಂದರ್ಭಗಳಲ್ಲಿ 27 ಸೆಕೆಂಡುಗಳವರೆಗೆ ಹಿಡಿಯುತ್ತದಂತೆ. ಸಿಗ್ನಲ್ಲಿನಲ್ಲಿ ಮೊಬೈಲ್ ತೀಡುತ್ತಿದ್ದವನು ಹಸಿರು ದೀಪ ಬಿದ್ದೊಡನೆ ಅದನ್ನು ಕೆಳಗಿಟ್ಟನೆಂದು ನಾವು ನಿರಾಳವಾಗಿ ಅವನ ಪಕ್ಕಕ್ಕೆ ಹೋಗುತ್ತೇವಲ್ಲ, ಆಗಲೂ ಅವನು ಅರ್ಧ ಆ ಸಂದೇಶದೊಳಗೇ ಇರಬಹುದು. ಅವನ ಪಾಡಿಗೆ ಅವನನ್ನು ಮುಂದೆ ಹೋಗಲು ಬಿಡುವುದರಿಂದ ನಮಗೆ ನಷ್ಟವಾಗುವುದು ಕೆಲವೇ ಕ್ಷಣಗಳು.

ನಡೆಯುವವರ ಪಾಡು ಬೇರೆಯೇ. ರಸ್ತೆ ಅಪಘಾತಗಳಲ್ಲಿ ಪ್ರಪಂಚದಾದ್ಯಂತ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪಾದಚಾರಿಗಳು, ಸೈಕಲ್ ಸವಾರರು ಮತ್ತು ದ್ವಿಚಕ್ರ, ತ್ರಿಚಕ್ರ ವಾಹನದವರು. ಪಾದಚಾರಿ ಮಾರ್ಗವಿಲ್ಲದ ಕಡೆ ವಾಹನಗಳಿಗೆ ಮುಖಮಾಡಿ ನಡೆಯಬೇಕು, ಕತ್ತಲಾದ ಮೇಲೆ ತಿಳಿಬಣ್ಣದ ಇಲ್ಲವೇ ಬೆಳಕು ಪ್ರತಿಫಲಿಸುವ ಪಟ್ಟಿಯ ಬಟ್ಟೆ ಇರಬೇಕು ಎಂಬುದನ್ನೆಲ್ಲ ಎಲ್ಲರೂ ಬಲ್ಲರು. ಹೆಚ್ಚು ಜನ ಎಡವುವುದು ಒಂದಕ್ಕಿಂತ ಹೆಚ್ಚು ಪಥಗಳಿರುವ ರಸ್ತೆಯಲ್ಲಿ. ಹತ್ತಿರದ ಗಾಡಿಯವನು ಸೌಜನ್ಯದಿಂದ ನಿಲ್ಲುತ್ತಾನೆ, ನಾವು ಅವನಿಗೆ ಕೈಮುಗಿದು ಹೆಜ್ಜೆ ಇಡುತ್ತೇವೆ, ಅವನ ಮರೆಯಿಂದ ಪಕ್ಕದ ಪಥದಲ್ಲಿ ಇನ್ನೊಬ್ಬ ಏನೂ ಅರಿಯದೆ ಬರುತ್ತಾನೆ. ನಿಂತ ಗಾಡಿಯ ಅಂಚಿಗೆ ಬಂದೊಡನೆ ಒಮ್ಮೆ ನಿಂತು, ಕತ್ತು ಚಾಚಿ ನೋಡಿ, ಆಮೇಲೆ ಮುಂದಿನ ಹೆಜ್ಜೆ ಇಡಬೇಕು.

"ಕಿವಿಯಲ್ಲಿ ಹಾಡು ಹಾಕಿಕೊಂಡು ದಾಟುವವರಿಗೂ ಏನಾದರೂ ಹೇಳಿ" ಎಂದು ರಾಯರು ನನ್ನ ಕಡೆ ತಿರುಗಿದರು. ನಾನು ಮಾತಿನ ದಿಕ್ಕು ಬದಲಿಸಿ ದ್ವಿಚಕ್ರ ಸವಾರರ ವಿಷಯ ಎತ್ತಿದೆ. ದೊಡ್ಡ ಗಾಡಿಯ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ ನಾವೂ ಅವನಿಗೆ ಕಾಣುತ್ತಿಲ್ಲ ಎಂಬ ಅಣ್ಣಯ್ಯನವರ ಮಾತನ್ನೂ, ನಿಂತ ಕಾರುಗಳ ಸಾಲನ್ನು ದಾಟುವಾಗ ಒಂದು ಬಾಗಿಲು ತೆರೆದುಕೊಳ್ಳುವಷ್ಟು ದೂರ ಬಿಟ್ಟು ಸಾಗಬೇಕೆಂಬ ಡಾಕ್ಟರಮ್ಮನವರ ಮಾತನ್ನೂ ಎಲ್ಲರೂ ಒಪ್ಪಿದರು. ಹೆಲ್ಮೆಟ್ಟಿನ ಬಗ್ಗೆ ಚರ್ಚೆಯೇ ಆಗಲಿಲ್ಲ, ಡಾಕ್ಟರಮ್ಮನವರ ಮುಖ ನೋಡಿದರೆ ಸಾಕಾಗಿತ್ತು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ನಾಜೂಕಿನ ಪ್ರಶ್ನೆ: ಗಮನ ತಪ್ಪಿದ ಚಾಲಕ ನಾವು ಕುಳಿತ ಗಾಡಿಯನ್ನೇ ಓಡಿಸುತ್ತಿದ್ದರೆ? ಗದರಿಸಿದರೆ ಅವನು ವಾದಕ್ಕಿಳಿಯುತ್ತಾನೆ, ವಾದಿಸುತ್ತ ನಮ್ಮ ಮುಖ ನೋಡುತ್ತಾನೆ. ಆದ್ದರಿಂದ ತಪ್ಪು ಹೊರಿಸದೆ, "ಕೊಡಿ, ಅದನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಫೋನನ್ನು ಕೈಗೆ ತೆಗೆದುಕೊಳ್ಳುವುದೇ ಸರಿಯೆಂದೂ, ಹೋಗಬೇಕಾದ ದಾರಿಯನ್ನು ಹೊರಡುವ ಮೊದಲೇ ಅದರಲ್ಲಿ ಹಾಕಿಡಬೇಕೆಂದೂ ತೀರ್ಮಾನವಾಯಿತು. ರಾಯರ ಕಾರಿಗೆ ವಕೀಲರನ್ನು ಫೋನ್ ಕಾರ್ಯದರ್ಶಿಯಾಗಿ ನೇಮಿಸಲಾಯಿತು. ಪರೀಕ್ಷೆಗೆಂದು, 'ಎಲ್ಲಿದ್ದೀರಿ?' ಎಂಬ ಸಂದೇಶಕ್ಕೆ ಏನು ಉತ್ತರಿಸುವಿರೆಂದು ಮೇಷ್ಟರು ಕೇಳಿದಾಗ ಅವರು, "ಸದರಿ ಸಂದೇಶ ತಲುಪಿದ ವೇಳೆಯಲ್ಲಿ ನಮ್ಮ ಕಕ್ಷಿದಾರರು ರಸ್ತೆಯ ಮೇಲಿದ್ದು, ತಮ್ಮ ಯಾವುದೇ ಹಕ್ಕಿಗೆ ಬಾಧಕವಾಗದಂತೆ ತಿಳಿಸುವುದೇನೆಂದರೆ" ಎಂದು ಆರಂಭಿಸಿ, ಕರಡನ್ನು ಕಕ್ಷಿದಾರರು ಓದಿ ಒಪ್ಪಬೇಕೆಂದು ಫೋನನ್ನು ರಾಯರ ಮುಖದೆದುರಿಗೇ ಹಿಡಿದರು.

ಹುದ್ದೆ ಅಲ್ಲಿಯೇ ಡಾಕ್ಟರಮ್ಮನವರಿಗೆ ವರ್ಗವಾಯಿತು. ಅವರು ಯಾರಿಗೇ ಆಗಲಿ ಬರೆಯುವುದು, 'ಗಾಡಿ ಓಡಿಸುತ್ತಿದ್ದಾರೆ, ಆಮೇಲೆ' ಎಂದಷ್ಟೇ. ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡ ವಕೀಲರಿಗೆ ಹಿಂದಿನ ಸೀಟು ದೊರೆಯಿತು. ಹಿಂದೆ ಕುಳಿತವರಿಗೆ ಬೆಲ್ಟ್ ಬೇಕಿಲ್ಲವಲ್ಲ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟರು, ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಗುದ್ದಿ ನಿಂತರೂ ಅದರೊಳಗಿನ ವಕೀಲರು ಅದೇ ವೇಗದಲ್ಲಿ ಮುಂದುವರಿಯುವುದಕ್ಕೆ ಯಾವ ನ್ಯಾಯಾಲಯವೂ ತಡೆಯಾಜ್ಞೆ ಕೊಡಲಾರದೆಂದು ತಿಳಿಸಿದರು.