ತರಗತಿಯಲ್ಲೇ ಸಂಶೋಧನಾ ಪ್ರಬಂಧ ಬರೆಸಬೇಕು, ಎಲ್ಲಿಂದ ಶುರು ಮಾಡಲಿ?

ಕಪ್ಪುಹಲಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಕ್ಲಾಸಿನಲ್ಲಿ ಹದಿನೈದು-ಹದಿನಾರು ವಯಸ್ಸಿನ 34 ಮಕ್ಕಳಿದ್ದಾರೆ. ಅವರಿಂದ ಸುಮಾರು 1,000 ಪದಗಳ ಸಂಶೋಧನಾ ಪ್ರಬಂಧ ಬರೆಸಬೇಕು. ಕೈಲಿರುವುದು 40 ನಿಮಿಷದ 12 ಪೀರಿಯಡ್ ಮಾತ್ರ.

ಹೋದ ವರ್ಷ ವಿಷಯ ಕೊಟ್ಟು, ಮೂರು ವಾರ ಬಿಟ್ಟು, ಮನೆಯಲ್ಲಿ ಬರೆದುಕೊಂಡು ಬನ್ನಿ ಅಂದಿದ್ದೆ. ಬಂದದ್ದರಲ್ಲಿ ಅರ್ಧಕ್ಕರ್ಧ ಎಲ್ಲಿಂದಲೋ ಎತ್ತಿದ್ದು. ಇಬ್ಬರ ಪ್ರಬಂಧದಲ್ಲಿ ಒಂದೇ ತಪ್ಪು ಇಸವಿ ಇತ್ತು! ಬೈದೆ, ಮಾರ್ಕ್ಸ್ ಕಡಿಮೆ ಮಾಡಿದೆ. ಆಮೇಲೆ ಒಬ್ಬಳು ಹುಡುಗಿ ಬಂದು, "ಮಿಸ್, ಹುಡುಕಿ ಬರೀರಿ ಅಂದ್ರಿ, ಹುಡುಕಿ ಬರೆದೆ. ಇನ್ನೇನು ಮಾಡ್ಬೇಕಿತ್ತು?" ಅಂತ ಕೇಳಿದಳು. ಅವಳು ಎದುರು ಮಾತಾಡುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಯಾಕೆಂದರೆ ನಾನು ಹೇಳಿಕೊಟ್ಟೇ ಇರಲಿಲ್ಲ. ಆ ಮಾತು ಇವತ್ತಿಗೂ ಕೊರೆಯುತ್ತಿದೆ.

ಈ ಸಲ ಎಲ್ಲವನ್ನೂ ತರಗತಿಯಲ್ಲೇ, ನನ್ನ ಕಣ್ಣೆದುರಿಗೇ ಮಾಡಿಸಬೇಕು ಅಂತಿದ್ದೇನೆ. 12 ಪೀರಿಯಡ್ ಹೇಗೆ ಹಂಚಲಿ? ಚಾಟ್‌ಜಿಪಿಟಿ ವಿಚಾರದಲ್ಲಿ ಏನು ಮಾಡುತ್ತೀರಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಸೀಮೆಸುಣ್ಣ:

ಮೇಡಂ, ಮೊದಲ ಮೂರು ಪೀರಿಯಡ್ ಬರೀ ಪ್ರಶ್ನೆಗೆ ಇಡಿ. ಜಾಸ್ತಿ ಅನ್ನಿಸಬಹುದು, ಆದರೆ ಅಲ್ಲಿ ಉಳಿಸಿದ ಸಮಯವನ್ನು ಕೊನೆಯಲ್ಲಿ ಎರಡರಷ್ಟು ಕಟ್ಟಬೇಕಾಗುತ್ತದೆ. ಮಕ್ಕಳು ನಕಲು ಮಾಡುವುದು ಸೋಮಾರಿತನದಿಂದ ಅಂತ ನನಗೆ ಅನ್ನಿಸುವುದಿಲ್ಲ. "ಮೊಬೈಲ್ ಮತ್ತು ಮಕ್ಕಳು" ಅಂತ ವಿಷಯ ಕೊಟ್ಟರೆ ಅದಕ್ಕೆ ಉತ್ತರವೇ ಇಲ್ಲ, ಅದರ ಬಗ್ಗೆ ಬರೆದಿಟ್ಟದ್ದು ಮಾತ್ರ ಇದೆ. ಎತ್ತಿ ತಂದು ಇಡದೆ ಇನ್ನೇನು ಮಾಡುತ್ತಾರೆ ಹೇಳಿ?

ನಾನು ಇದೇ ವಿಷಯವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳ ಜೊತೆಗೇ ಸಣ್ಣದು ಮಾಡುತ್ತಾ ಹೋದೆ. ಮೊಬೈಲಿನಿಂದ ಏನಾಗುತ್ತದೆ? ಕಣ್ಣು, ಓದು, ನಿದ್ದೆ. ಸರಿ, ನಿದ್ದೆ ಹಿಡಿಯೋಣ. ಯಾರ ನಿದ್ದೆ? ನಮ್ಮ ವಯಸ್ಸಿನವರದು. ಯಾವಾಗ ನೋಡಿದರೆ? ಕೊನೆಗೆ ನಿಂತದ್ದು ಇದು: "ಮಲಗುವ ಮುಂಚಿನ ಒಂದು ಗಂಟೆ ಮೊಬೈಲ್ ನೋಡುವ ಹದಿಹರೆಯದವರಿಗೆ ನಿದ್ದೆ ಬರುವುದು ತಡವಾಗುತ್ತದಾ?" ಈ ಪ್ರಶ್ನೆಗೆ ಹೌದು ಅನ್ನಬಹುದು, ಇಲ್ಲ ಅನ್ನಬಹುದು, ಹೌದು ಆದರೆ ಅನ್ನಬಹುದು. ಯಾವುದೋ ಪುಟ ಹಾಗೇ ಎತ್ತಿಟ್ಟರೆ ಉತ್ತರ ಆಗುವುದಿಲ್ಲ.

ಪ್ರಶ್ನೆ ಒಪ್ಪಿಗೆ ಆಗುವವರೆಗೆ ಯಾರನ್ನೂ ಮುಂದಕ್ಕೆ ಬಿಡಬೇಡಿ. 34 ಪ್ರಶ್ನೆ ಓದುವುದಕ್ಕೆ ಅರ್ಧ ಗಂಟೆ ಸಾಕು. ನನ್ನ ಪ್ರಕಾರ ನೀವು ತಿದ್ದುವುದರಲ್ಲಿ ಎಲ್ಲಕ್ಕಿಂತ ಫಲ ಕೊಡುವುದು ಅದೇ.

ಪುಸ್ತಕದ ಕಪಾಟು:

ನಾನು ಶಾಲಾ ಗ್ರಂಥಾಲಯದಲ್ಲಿ ಇರುವವಳು. ಆಕರದ ಬಗ್ಗೆ ಎರಡು ಪೀರಿಯಡ್ ಬೇಕೇ ಬೇಕು. ಅದರಲ್ಲಿ ಒಂದನ್ನು ನಾನು ಯಾವಾಗಲೂ ಪಾಲಕ್ ಸೊಪ್ಪಿನ ಕತೆಗೆ ಇಡುತ್ತೇನೆ.

ಪಾಲಕ್‌ನಲ್ಲಿ ಕಬ್ಬಿಣ ತುಂಬಾ ಇದೆ ಅಂತ ಜನ ನಂಬಿದ್ದೇಕೆ ಗೊತ್ತಾ? 19ನೇ ಶತಮಾನದ ಒಬ್ಬ ವಿಜ್ಞಾನಿ ದಶಮಾಂಶದ ಚುಕ್ಕಿ ತಪ್ಪಾಗಿ ಇಟ್ಟು ಹತ್ತು ಪಟ್ಟು ಜಾಸ್ತಿ ತೋರಿಸಿದ್ದರಿಂದ ಅಂತ ಎಷ್ಟೋ ಕಡೆ ಬರೆದಿದ್ದಾರೆ. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲೂ ಬಂತು. ಮಕ್ಕಳು "ಅಯ್ಯೋ, ಒಂದು ಚುಕ್ಕಿಯಿಂದಾನಾ!" ಅನ್ನುತ್ತಾರೆ. ಆಗ ಕೇಳುತ್ತೇನೆ, ಆ ಚುಕ್ಕಿ ತಪ್ಪಿದ ಪುಟ ಎಲ್ಲಿದೆ, ಯಾರಾದರೂ ನೋಡಿದ್ದಾರಾ? 2010ರಲ್ಲಿ ಮೈಕ್ ಸಟನ್ ಅನ್ನುವವರು ಅದನ್ನೇ ಹುಡುಕಿಕೊಂಡು ಹೋದರು. ಅಂಥ ಚುಕ್ಕಿ ತಪ್ಪಿದ್ದಕ್ಕೆ ಪುರಾವೆಯೇ ಸಿಗಲಿಲ್ಲ. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು, ಹೀಗೆ ದೊಡ್ಡ ದೊಡ್ಡವರೇ ಬರೆದುಕೊಂಡು ಬಂದಿದ್ದರು. ಇಷ್ಟು ಹೇಳಿದಾಗ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ ನೋಡಿ, ನನಗೆ ಅದೇ ಬೇಕಾಗಿರುವುದು. ಮೂಲ ಎಲ್ಲಿದೆ ಅಂತ ಆಮೇಲೆ ಅವರೇ ಕೇಳಲು ಶುರು ಮಾಡುತ್ತಾರೆ.

ಇನ್ನೊಂದು ಪೀರಿಯಡ್‌ನಲ್ಲಿ ವೆಬ್‌ಸೈಟ್ ನಂಬಬಹುದಾ ಅಂತ ನೋಡುವುದನ್ನು ಕಲಿಸಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರನ್ನು ಕೂರಿಸಿ ಇದನ್ನು ಗಮನಿಸಿದ್ದರು: 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು (ಬರೆದದ್ದು ನಿಜವಾ ಅಂತ ಪರಿಶೀಲಿಸುವುದೇ ಕೆಲಸವಾಗಿರುವವರು), 25 ವಿದ್ಯಾರ್ಥಿಗಳು. ಇತಿಹಾಸಕಾರರು ಕೂಡ ಎಷ್ಟೋ ಸಲ ಚೆಂದದ ಲೋಗೋ ನೋಡಿ ಮೋಸ ಹೋದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಆ ಪುಟ ಪೂರ್ತಿ ಓದುತ್ತಾ ಕೂರಲಿಲ್ಲ. ತಕ್ಷಣ ಬೇರೆ ಟ್ಯಾಬ್ ತೆರೆದು, ಈ ಸಂಸ್ಥೆ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡಿದರು. ಇದನ್ನು ಮಕ್ಕಳಿಗೆ ಹತ್ತು ನಿಮಿಷದಲ್ಲಿ ತೋರಿಸಬಹುದು. ವಿಕಿಪೀಡಿಯ ಬೇಡ ಅನ್ನಬೇಡಿ, ಅದರ ಕೆಳಗಿರುವ ಉಲ್ಲೇಖಗಳಿಗೆ ಹೋಗಿ ಅನ್ನಿ.

ತಿದ್ದುವ ಕೈ:

ಮೇಲಿನ ಇಬ್ಬರೂ ಹೇಳಿದ್ದು ಸರಿ. ನಾನು ನಡುವಿನ ಕೆಲಸದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಕಲು ಹುಟ್ಟುವುದು ಅಲ್ಲೇ.

ಪೋಸ್ಟ್‌ಕಾರ್ಡ್ ಅಳತೆಯ ಚೀಟಿಗಳನ್ನು ಕೊಡಿ. ಒಂದು ಚೀಟಿಗೆ ಒಂದೇ ವಿಷಯ. ನಿಯಮ ಇಷ್ಟೇ: ಓದು, ಪುಸ್ತಕ ಮುಚ್ಚು ಅಥವಾ ಪರದೆ ಆಫ್ ಮಾಡು, ಪಕ್ಕದವನಿಗೆ ಬಾಯಲ್ಲಿ ಹೇಳು, ಆಮೇಲೆ ಬರೆ. ಹಿಂಬದಿಯಲ್ಲಿ ಎಲ್ಲಿ ಓದಿದ್ದು, ಯಾವ ಪುಟ. ಪುಸ್ತಕ ತೆರೆದಿಟ್ಟುಕೊಂಡು ಬರೆದರೆ ಪದಗಳು ತಾವಾಗಿಯೇ ಅಂಟಿಕೊಳ್ಳುತ್ತವೆ. ಮೂಲದ ವಾಕ್ಯವನ್ನು ಹಾಗೇ ಇಟ್ಟು ನಾಲ್ಕು ಪದ ಬದಲಾಯಿಸುವುದಕ್ಕೆ ಬರವಣಿಗೆ ಕಲಿಸುವ ಬಗ್ಗೆ ಸಂಶೋಧನೆ ಮಾಡಿದ ರೆಬೆಕಾ ಮೂರ್ ಹೊವಾರ್ಡ್ 1990ರ ದಶಕದಲ್ಲೇ 'ಪ್ಯಾಚ್‌ರೈಟಿಂಗ್' ಅಂತ ಹೆಸರಿಟ್ಟಿದ್ದರು. ಅದನ್ನು ಕಳ್ಳತನ ಅನ್ನುವುದಕ್ಕಿಂತ ಕಲಿಕೆಯ ಒಂದು ಹಂತ ಅಂತ ನೋಡಬೇಕು ಅನ್ನುತ್ತಾರೆ ಅವರು. ನನಗೂ ಹಾಗೇ ಕಂಡಿದೆ. ಓದಿದ್ದು ಅರ್ಥವಾಗದ ಮಗುವೇ ಹಾಗೆ ಬರೆಯುತ್ತದೆ, ಆದ್ದರಿಂದ ಬೈಯುವ ಮುಂಚೆ "ಇದನ್ನು ನನಗೆ ಬಾಯಲ್ಲಿ ಹೇಳು" ಅನ್ನಿ.

ಚಾಟ್‌ಜಿಪಿಟಿ ವಿಷಯಕ್ಕೆ ಬಂದರೆ, ಚೀಟಿಯನ್ನು ಕೈಯಲ್ಲಿ ತರಗತಿಯಲ್ಲೇ ಬರೆಸಿ, ಅಲ್ಲಿಗೆ ಮುಕ್ಕಾಲು ಪಾಲು ಸಮಸ್ಯೆ ಮುಗಿಯಿತು. ಉಳಿದದ್ದಕ್ಕೆ ಒಂದು ನಿಜ ಘಟನೆ ಹೇಳಿ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಹಾಗೇ ಸಲ್ಲಿಸಿದ್ದರು. ಅಂಥ ತೀರ್ಪುಗಳೇ ಇರಲಿಲ್ಲ! 5,000 ಡಾಲರ್ ದಂಡ ಬಿತ್ತು. ನನ್ನ ಕ್ಲಾಸಿನಲ್ಲಿ ಆಕರಗಳ ಪಟ್ಟಿಯಿಂದ ಯಾವುದಾದರೂ ಒಂದನ್ನು ನಾನು ಆರಿಸುತ್ತೇನೆ, ಅದನ್ನು ಆಗಲೇ ತೆರೆದು ತೋರಿಸಬೇಕು.

ಒಂದು ಮಾತಿಗೆ ಮಾತ್ರ ಸೀಮೆಸುಣ್ಣ ಅವರ ಜೊತೆ ನನಗೆ ಒಪ್ಪಿಗೆ ಇಲ್ಲ. ಪ್ರಶ್ನೆ ಪಕ್ಕಾ ಆಗುವವರೆಗೆ ಯಾರನ್ನೂ ಬಿಡಬೇಡಿ ಅಂದರೆ ಕೆಲವು ಮಕ್ಕಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ನಾಲ್ಕು ಚೀಟಿ ಬರೆದ ಮೇಲೆ ಪ್ರಶ್ನೆ ತಾನೇ ತಿಳಿಯಾಗುವುದೂ ಉಂಟು. ಪ್ರಶ್ನೆಯನ್ನು ಪೆನ್ಸಿಲ್‌ನಲ್ಲಿ ಬರೆಸಿ, ಮಧ್ಯದಲ್ಲಿ ಒಮ್ಮೆ ಬದಲಾಯಿಸಲು ಬಿಡಿ.

ಸೀಮೆಸುಣ್ಣ:

ಪೆನ್ಸಿಲ್ ಮಾತು ಒಪ್ಪಿದೆ, ನಾನೂ ಹಾಗೇ ಮಾಡಿ ನೋಡುತ್ತೇನೆ.

ಕಪ್ಪುಹಲಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏಳು ಪೀರಿಯಡ್ ಮುಗಿಯಿತು, ಅದಕ್ಕೇ ಮತ್ತೆ ಬಂದೆ. ಮೂರು ಪ್ರಶ್ನೆಗೆ, ಎರಡು ಆಕರಕ್ಕೆ, ಎರಡು ಚೀಟಿಗೆ ಹೋಯಿತು. ಇನ್ನು ಮೂರರಲ್ಲಿ ಬರೆಯುವುದು, ಎರಡರಲ್ಲಿ ತಿದ್ದುವುದು.

ಹಿಂದಿನ ಬೆಂಚಿನ ಒಬ್ಬ ಹುಡುಗ "ನೆನಪಿನ ಶಕ್ತಿ" ಅಂತ ಬಂದಿದ್ದ. ಅದು ಸಣ್ಣದಾಗುತ್ತಾ "ಒಂದೇ ಸಲ ಓದಿ ಬಿಟ್ಟದ್ದು ಎಷ್ಟು ದಿನ ನೆನಪಿರುತ್ತದೆ?" ಅಂತಾಯಿತು. ಚೀಟಿ ಬರೆಯುವಾಗ ಎದ್ದು ಬಂದ. ಕೈಲಿದ್ದ ಚೀಟಿಯಲ್ಲಿ ಎಬ್ಬಿಂಗ್‌ಹೌಸ್, 1885, ಅರ್ಥವಿಲ್ಲದ ಅಕ್ಷರಗುಚ್ಛ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. (ಎಬ್ಬಿಂಗ್‌ಹೌಸ್ ಅಂದರೆ, ಅಂಥ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆತುಹೋಗುತ್ತದೆ ಅಂತ ಅಳೆದ ಜರ್ಮನ್ ಮನಶ್ಶಾಸ್ತ್ರಜ್ಞ.) "ಮಿಸ್, ಇವರು ತಮ್ಮೊಬ್ಬರ ಮೇಲೇ ಪ್ರಯೋಗ ಮಾಡ್ಕೊಂಡಿದ್ದಾರೆ. ಒಬ್ಬರ ಮೇಲೆ ಮಾಡಿದ್ದು ಎಲ್ಲರಿಗೂ ಅಂತ ಹೇಗೆ ಹೇಳೋದು?" ಹೋದ ವರ್ಷ ಇಡೀ ಕ್ಲಾಸಿನಿಂದ ಇಂಥ ಒಂದು ಪ್ರಶ್ನೆ ಬಂದಿರಲಿಲ್ಲ. ನನಗೆ ಗಂಟಲು ಕಟ್ಟಿತು. ಅವನಿಗೆ ಏನು ಹೇಳಲಿ?

ಪುಸ್ತಕದ ಕಪಾಟು:

ಓದಿ ತುಂಬಾ ಖುಷಿಯಾಯಿತು ಮೇಡಂ. 2015ರಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿ, ಹೆಚ್ಚುಕಡಿಮೆ ಅದೇ ಫಲಿತಾಂಶ ಬಂತು ಅಂತ ಪ್ರಕಟಿಸಿದ್ದಾರೆ. ಆದರೆ ಅಲ್ಲೂ ಪ್ರಯೋಗಕ್ಕೆ ಕೂತವರು ಒಬ್ಬರೇ! ಇದನ್ನು ನೀವು ಹೇಳಿಬಿಡಬೇಡಿ. "ಇದನ್ನು ಮತ್ತೆ ಯಾರಾದರೂ ಮಾಡಿ ನೋಡಿದ್ದಾರಾ?" ಅಂತ ಕೇಳಿ, ಕೈಗೆ ಇನ್ನೊಂದು ಖಾಲಿ ಚೀಟಿ ಕೊಡಿ.