ಆರ್ಡರ್ ಬಂದ ಮೇಲೆ ಮಾಡುವ ಶಾಪಿಗೆ ಎಂಆರ್‌ಪಿಯೋ, ಕಾನ್‌ಬಾನೋ? ಅನುಭವ ಹೇಳಿ

ಪೀಣ್ಯ ಎರಡನೇ ಹಂತ: ನಮ್ಮದು 22 ಜನರ ಮಷಿನ್ ಶಾಪ್. ಹತ್ತು ವರ್ಷ ಒಬ್ಬನೇ ಗಿರಾಕಿಗೆ ನಾಲ್ಕು ಬಗೆಯ ಬುಷ್ ಮಾಡಿದೆವು. ಈಗ ಪಂಪ್ ಬಿಡಿಭಾಗಕ್ಕೂ ಕೈಹಾಕಿದ್ದೇವೆ. ತಿಂಗಳಿಗೆ 60 ಡ್ರಾಯಿಂಗ್, ಲಾಟ್ ಎಲ್ಲ ಸಣ್ಣವು. ಪ್ಲಾನಿಂಗ್ ಮಾತ್ರ ಹಳೇ ಎಕ್ಸೆಲ್‌ನಲ್ಲೇ ಇದೆ. ಎಂಆರ್‌ಪಿ, ಅಂದರೆ ಸಾಮಾನಿನ ಲೆಕ್ಕ ಹಾಕಿ ಪ್ಲಾನ್ ಕೊಡುವ ಸಾಫ್ಟ್‌ವೇರ್ ಹಾಕಿಸಲಾ? ಇಲ್ಲ ಕಾನ್‌ಬಾನ್, ಅಂದರೆ ಖಾಲಿಯಾದಷ್ಟನ್ನೇ ಮತ್ತೆ ಮಾಡಿಸುವ ಕಾರ್ಡು ಪದ್ಧತಿ ಸಾಕಾ?

ಉದ್ಯಮಬಾಗ್, ಬೆಳಗಾವಿ: ನಾನು ಎಂಆರ್‌ಪಿ ಹಾಕಿಸಿ ಕೈ ಸುಟ್ಟುಕೊಂಡವನು. ಸಾಫ್ಟ್‌ವೇರಿಗೆ 9.4 ಲಕ್ಷ, ಕನ್ಸಲ್ಟೆಂಟಿಗೆ 3.1 ಲಕ್ಷ, ಡೇಟಾ ತುಂಬಿದ ಇಬ್ಬರ ಎಂಟು ತಿಂಗಳ ಸಂಬಳ ಬೇರೆ. ಎಲ್ಲ ಐಟಮ್ಮಿಗೂ ಲೀಡ್ ಟೈಮ್ (ಆರ್ಡರ್ ಕೊಟ್ಟು ಮಾಲು ಕೈಗೆ ಬರುವ ಸಮಯ) 7 ದಿನ ಅಂತ ಹಾಕಿದ್ದರು. ನಮ್ಮ ಕಾಸ್ಟಿಂಗ್ ಬರುವುದು 24 ದಿನಕ್ಕೆ! ಇದ್ದದ್ದು ಒಂದೇ ಗ್ರೈಂಡಿಂಗ್ ಮಷಿನ್. ಮೊದಲ ಸೋಮವಾರವೇ ಸಾಫ್ಟ್‌ವೇರ್ ಅದರ ಮೇಲೆ 11 ದಿನದ ಕೆಲಸವನ್ನು ಒಂದೇ ವಾರಕ್ಕೆ ಹೇರಿತು. ಎಂಆರ್‌ಪಿ ಏನು, ಎಷ್ಟು, ಯಾವಾಗ ಬೇಕು ಅಂತ ಲೆಕ್ಕ ಹಾಕುತ್ತದೆ. ಮಷಿನ್ ಖಾಲಿ ಇದೆಯಾ ಅಂತ ನೋಡುವುದಿಲ್ಲ. ಅದಕ್ಕೆ ಕೆಪಾಸಿಟಿ ಮಾಡ್ಯೂಲ್ ಬೇರೆ, ಮತ್ತೆ 2 ಲಕ್ಷ. ಆ ವರ್ಷ ಒಬ್ಬ ಹಳೇ ಗಿರಾಕಿ ಕೈತಪ್ಪಿದ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬಿಡದಿ ಸಪ್ಲೈಯರ್: ಸುಮ್ನೆ ಅಷ್ಟು ದುಡ್ಡು ಯಾಕೆ ಸುರಿದಿರಿ? ನಮ್ಮ ಕಾನ್‌ಬಾನಿಗೆ ಕಾರ್ಡು, ಬಿನ್ನು, ಹಲಗೆ ಎಲ್ಲ ಸೇರಿ 38 ಸಾವಿರ. ದಿನಕ್ಕೆ 240 ಬ್ರಾಕೆಟ್, ಬಿನ್ನಿಗೆ 60, ತುಂಬಿ ಬರಲು ಎರಡು ದಿನ. ಅಂದರೆ 8 ಕಾರ್ಡು, ಭದ್ರತೆಗೆ ಇನ್ನೊಂದು. ಖಾಲಿ ಬಿನ್ನಿನ ಕಾರ್ಡು ಹಲಗೆಗೆ ಬಂದರೆ ಮಾತ್ರ ಪ್ರೆಸ್ ಓಡುತ್ತದೆ. ಆರು ವರ್ಷದಲ್ಲಿ ನಮ್ಮಿಂದ ಗಿರಾಕಿಯ ಲೈನ್ ಒಮ್ಮೆಯೂ ನಿಂತಿಲ್ಲ.

ಗೋಕುಲ ರಸ್ತೆ, ಹುಬ್ಬಳ್ಳಿ: ಇಂಥ ಮಾತು ಕೇಳಿಯೇ ನಾನು ವಾಲ್ವ್ ಶಾಪಿಗೆ ಕಾರ್ಡು ಹಾಕಿದೆ. ನಮ್ಮಲ್ಲಿ ಆರ್ಡರಿಗೊಂದು ಸೈಜು, ಆರ್ಡರಿಗೊಂದು ಮೆಟೀರಿಯಲ್ಲು. ಒಮ್ಮೆ ಹೋದ ಐಟಂ ಮತ್ತೆ ಕೇಳುವುದು ಏಳೆಂಟು ತಿಂಗಳಿಗೆ. ಕಾರ್ಡು ಮಾತ್ರ ಮಾಲು ಹೋದ ದಿನವೇ ಮತ್ತೆ ಮಾಡು ಅನ್ನುತ್ತದೆ. 6.7 ಲಕ್ಷದ ಸ್ಪಿಂಡಲ್ ರ‍್ಯಾಕಿನಲ್ಲಿ ಕೂತಿತು. ಎಣ್ಣೆ ಸವರಿ ಪ್ಲಾಸ್ಟಿಕ್ ಸುತ್ತಿಟ್ಟರೂ ಎರಡನೇ ಮಳೆಗಾಲಕ್ಕೆ ತ್ರೆಡ್ಡಿನ ಸಂದಿಯಲ್ಲೆಲ್ಲ ಕೆಂಪು ತುಕ್ಕು. ಕೊನೆಗೆ ಕೆಜಿ ಲೆಕ್ಕದಲ್ಲಿ ಗುಜರಿಗೆ ಕೊಟ್ಟೆ. ಪೀಣ್ಯದವರೇ, ಬುಷ್ ಇನ್ನೂ ಇದ್ದರೆ ಅದಕ್ಕಷ್ಟೇ ಕಾರ್ಡು ಇಡಿ.

ಬಿಡದಿ ಸಪ್ಲೈಯರ್: ಸೆಟಪ್ ಟೈಮ್ ಇಳಿಸದೆ ಕಾರ್ಡು ಹಾಕಿದರೆ ಇನ್ನೇನಾಗುತ್ತದೆ? ನಾವು ಡೈ ಬದಲಿಸುವುದನ್ನು 90 ನಿಮಿಷದಿಂದ 14ಕ್ಕೆ ತಂದೆವು.

ಗೋಕುಲ ರಸ್ತೆ, ಹುಬ್ಬಳ್ಳಿ: ಸೆಟಪ್ ಅಲ್ಲ ಸ್ವಾಮಿ ಸಮಸ್ಯೆ. ನಿಮ್ಮ ಗಿರಾಕಿ ದಿನಾ ಅದೇ ಮಾಲನ್ನು ಅಷ್ಟಷ್ಟೇ ಕೇಳುತ್ತಾನೆ. ಟೊಯೋಟಾ ಕೂಡ ಮೊದಲು ತನ್ನ ಶೆಡ್ಯೂಲನ್ನು ಸಮ ಮಾಡಿಕೊಳ್ಳುತ್ತದೆ, ಅದಕ್ಕೇ ಅಲ್ಲಿ ಕಾರ್ಡು ನಡೆಯುತ್ತದೆ. ಅದು ನಿಮ್ಮ ಗಿರಾಕಿಯ ಪುಣ್ಯ.

ಬಿಡದಿ ಸಪ್ಲೈಯರ್: ಎರಡು ವರ್ಷ ಭಾನುವಾರಗಳನ್ನು ಡೈ ಜೊತೆ ಕಳೆದಿದ್ದೇವೆ. ಅದನ್ನು ಪುಣ್ಯ ಅನ್ನಬೇಡಿ.

ಮಾಚೇನಹಳ್ಳಿ, ಶಿವಮೊಗ್ಗ: ಇಬ್ಬರೂ ಮಾಲೀಕರ ಮಾತೇ ಆಡುತ್ತಿದ್ದೀರಿ. ನಾನು 19 ವರ್ಷದಿಂದ ಫೌಂಡ್ರಿಯಲ್ಲಿ ಪ್ಲಾನರ್. ನಮ್ಮ ಸಾಹೇಬರು ಹೊಸ ಗಿರಾಕಿಗಳಿಗೆ ಹತ್ತೇ ದಿನದಲ್ಲಿ ಮಾಲು ಅಂತ ಮಾತು ಕೊಟ್ಟರು. ಬೋನಸ್ ಮಾತ್ರ ಟನ್ನೇಜಿನ ಮೇಲೆ. ಸೂಪರ್‌ವೈಸರ್ ಭಾರದ ಮಾಲನ್ನೇ ಮೊದಲು ಸುರಿಸಿದ, ಸಣ್ಣ ಲಾಟಿನ ಮೋಲ್ಡು ಮೂಲೆಯಲ್ಲಿ ಉಳಿಯಿತು. ಬೈಗುಳ ನನಗೆ!

ಉದ್ಯಮಬಾಗ್, ಬೆಳಗಾವಿ: ಪ್ಲಾನರುಗಳದೂ ತಪ್ಪಿದೆ. ನಮ್ಮವನು ಸ್ಟೋರಿಗೆ ಕಾಲಿಡುತ್ತಲೇ ಇರಲಿಲ್ಲ. 40 ಎಂಎಂ ಬಾರ್ ಸಿಸ್ಟಂನಲ್ಲಿ 31, ನೆಲದ ಮೇಲೆ 4.

ಮಾಚೇನಹಳ್ಳಿ, ಶಿವಮೊಗ್ಗ: ಎಣಿಸುವುದು ಸ್ಟೋರ್‌ಕೀಪರ್ ಕೆಲಸ ಅಲ್ವಾ? ನಿಮ್ಮಲ್ಲಿ ಇದ್ದನಾ?

ಉದ್ಯಮಬಾಗ್, ಬೆಳಗಾವಿ: ಇದ್ದ. ಖರ್ಚು ಜಾಸ್ತಿ ಆಯಿತು ಅಂತ ಅವನನ್ನೇ ಡೇಟಾ ತುಂಬಲು ಕೂರಿಸಿದ್ದೆ.